ನಾಲ್ಕನೇ ರೇಂಜಿನ ಐವತ್ತೆಂಟು ಕಿಡಿಗಳು

ಕೊಳ್ಳಲು ನೋಡಿದ್ದ ಹಳೆಯ ಕಾರೊಂದರ ಗಂಟು ಬಿಚ್ಚಿತು. ಹದಿನಾರು ದಿನ ಹಿಡಿಯಿತು. ಅಷ್ಟರಲ್ಲಿ ಅದರ ಮಾಲೀಕರಾದ ಮರ್ಯಾದಸ್ಥರನ್ನು ಸುಳ್ಳುಗಾರ ಅಂದುಕೊಂಡಿದ್ದಾಯಿತು, ಅವರ ತಮ್ಮನ ಮೇಲೆ ಇಲ್ಲದ ಆರೋಪ ಹೊರಿಸಿದ್ದಾಯಿತು, ನಿದ್ದೆಗೆಟ್ಟಿದ್ದಂತೂ ಲೆಕ್ಕಕ್ಕೇ ಇಲ್ಲ. ಕಾರು ಮಾತ್ರ ಇನ್ನೂ ಅವರ ಶೆಡ್ಡಿನಲ್ಲೇ ಇದೆ.

ಹುಡುಕಾಟ ಪೋರ್ಷೆ 718 ಕೇಮನ್ ಜಿಟಿಎಸ್ 4.0ಗೆ ಬಂದು ನಿಂತಿದ್ದು ಹೇಗೆ ಅಂತ ಕಳೆದ ಸಲವೇ ಕೊರೆದಿದ್ದೇನೆ. ಹಿಂದಿನ ನಾಲ್ಕು ಸಿಲಿಂಡರಿನ ಟರ್ಬೊ ಜಿಟಿಎಸ್ ಓಡಿಸಿ ನೋಡಿದ್ದೆ. ಜೋರಿತ್ತು, ಆದರೆ ಆ ದನಿ ಕಿವಿಗೆ ಹತ್ತಲಿಲ್ಲ. 2020ರಲ್ಲಿ ಟರ್ಬೊ ಬಿಟ್ಟು ನಾಲ್ಕು ಲೀಟರಿನ ಆರು ಸಿಲಿಂಡರ್ ಕೂರಿಸಿದರಲ್ಲ, 400 ಪಿಎಸ್ (ಅಶ್ವಶಕ್ತಿ), 7,800 ಆರ್‌ಪಿಎಂವರೆಗೂ ಹಾಡಿಕೊಂಡೇ ಏರುತ್ತದೆ, ಅದೇ ಬೇಕು. ಅದರಲ್ಲೂ ಆರು ಗೇರಿನ ಮ್ಯಾನುಯಲ್ಲೇ ಬೇಕು. ಸಿಕ್ಕಿದ ಕಾರು ಒಬ್ಬರೇ ಮಾಲೀಕರದ್ದು, ಓಡಿರುವುದು 21,300 ಕಿ.ಮೀ.

ಭಾಗಗಳ ತಯಾರಿಕೆಯ ಕಾಲ ಹೇಳುವ ಟೈರಿನ ಮೇಲಿನ ನಾಲ್ಕಂಕಿ, ಗಾಜಿನ ಗುರುತು, ಬೆಲ್ಟಿನ ಲೇಬಲ್ಲು, ಇದನ್ನೆಲ್ಲ ಮತ್ತೆ ಬರೆಯುವುದಿಲ್ಲ, ಎಲ್ಲ ಸರಿಯಿತ್ತು. ಬಣ್ಣದ ದಪ್ಪ ಅಳೆಯುವ ಗೇಜಿನ ಬಗ್ಗೆ ಮಾತ್ರ ಒಂದು ಮಾತು. ಅಯಸ್ಕಾಂತದ ಅಗ್ಗದ ಗೇಜು ಈ ಕಾರಿನ ಬಾಗಿಲ ಮೇಲೆ ಬಾಯೇ ಬಿಡುವುದಿಲ್ಲ, ಅದು ಅಲ್ಯೂಮಿನಿಯಂ. ಎಡ್ಡಿ ಕರೆಂಟ್ ಗೇಜೇ ಬೇಕು. ಮುಂದಿನ ಫೆಂಡರಿನಲ್ಲಿ 290 ಮೈಕ್ರಾನ್ ಅಂತ, ಅಂದರೆ ಮತ್ತೆ ಬಣ್ಣ ಬಳಿದಷ್ಟು ದಪ್ಪ ತೋರಿಸಿ ಅದು ನನ್ನ ಎದೆ ಧಸಕ್ಕೆನ್ನಿಸಿತು. ಉಗುರಿನಲ್ಲಿ ಅಂಚು ಕೆದಕಿದಾಗ ಗೊತ್ತಾಯಿತು, ಮೇಲೆ ಬಣ್ಣ ಕಾಯುವ ಪಾರದರ್ಶಕ ಪಿಪಿಎಫ್ ಫಿಲ್ಮ್ ಇದೆ. ಆವತ್ತಿನ ಮೊದಲ ಸುಳ್ಳು ಗಾಬರಿ. ಎರಡನೆಯದು ಹದಿನಾರು ದಿನ ಕಾಡಿತು.

ಲ್ಯಾಪ್‌ಟಾಪಿಗೆ ಕೇಬಲ್ ಸಿಕ್ಕಿಸಿ ಇಂಜಿನ್ ಕಂಟ್ರೋಲ್ ಯೂನಿಟ್ಟನ್ನು ಓದಿಸಿಕೊಂಡು, ಆ ಫೈಲನ್ನು ಮನೆಗೆ ತಂದು ರಾತ್ರಿ ತೆರೆದೆ. ಮೊದಲು ಇಂಜಿನ್ ಓಡಿದ ಗಂಟೆ: 640. 21,300ನ್ನು 640ರಿಂದ ಭಾಗಿಸಿದರೆ ಗಂಟೆಗೆ 33 ಕಿ.ಮೀ. ಊರೊಳಗೂ ಹೊರಗೂ ಓಡಿದ ಕಾರಿಗೆ ಒಪ್ಪುವ ಸರಾಸರಿ. ಹನ್ನೆರಡೋ ಹದಿಮೂರೋ ಬಂದಿದ್ದರೆ ಮೀಟರ್ ತಿರುಗಿಸಿದ್ದಾರೆ ಅಂತ ಅನುಮಾನಿಸಬೇಕಿತ್ತು. ಸಮಾಧಾನವಾಯಿತು. ಕೆಳಗೆ, ಇಂಜಿನ್ ಮಿತಿ ಮೀರಿ ತಿರುಗಿದ್ದರ ಲೆಕ್ಕವಿರುವ ಓವರ್‌ರೆವ್ ಟೇಬಲ್ಲಿಗೆ ಬಂದೆ. ರೇಂಜಿನ ಸಂಖ್ಯೆ ಏರಿದಷ್ಟೂ ಮೀರಿದ್ದು ಹೆಚ್ಚು.

ರೇಂಜ್ 1: 2,140, ಕೊನೆಯ ಸಲ 588ನೇ ಗಂಟೆಯಲ್ಲಿ.
ರೇಂಜ್ 2: 0.
ರೇಂಜ್ 3: 0.
ರೇಂಜ್ 4: 58, 311ನೇ ಗಂಟೆಯಲ್ಲಿ.
ಐದು, ಆರು: 0.

ಮ್ಯಾನುಯಲ್ ಪೋರ್ಷೆ ಹುಡುಕಿದವರಿಗೆ ನಾಲ್ಕನೇ ಸಾಲು ನೋಡಿದ ಕೂಡಲೇ ಹೊಟ್ಟೆಯೊಳಗೆ ಏನಾಗುತ್ತದೆ ಅಂತ ಗೊತ್ತಿದೆ. ಒಂದು, ಎರಡು ಬಂದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಖುಷಿಯಲ್ಲಿ ಇಂಜಿನ್ನಿನ ವೇಗಕ್ಕೆ ತಡೆ ಹಾಕುವ ಲಿಮಿಟರಿಗೆ ಬಡಿಸಿದರೂ ಅಲ್ಲಿ ಲೆಕ್ಕ ಬೀಳುತ್ತದೆ. ನಾಲ್ಕಕ್ಕೆ ಆಕ್ಸಿಲರೇಟರ್ ತುಳಿದು ಹೋಗಲಾಗುವುದಿಲ್ಲ. ಚಕ್ರವೇ ಇಂಜಿನನ್ನು ಅಲ್ಲಿಗೆ ಎಳೆದೊಯ್ಯಬೇಕು, ಅಂದರೆ ತಪ್ಪು ಗೇರು. ಈ ಕಾರಿನ ಎರಡನೇ ಗೇರು ಉದ್ದ, 7,800 ಮುಟ್ಟುವಷ್ಟರಲ್ಲಿ ವೇಗ ಗಂಟೆಗೆ 130 ಕಿ.ಮೀ. ದಾಟಿರುತ್ತದೆ. 150ರಲ್ಲಿ ಹೋಗುವಾಗ ನಾಲ್ಕಕ್ಕೆ ಹಾಕಲು ಹೋಗಿ ಎರಡಕ್ಕೆ ಹಾಕಿ ಕ್ಲಚ್ ಬಿಟ್ಟರೆ ಇಂಜಿನ್ ಸುಮಾರು 8,700ಕ್ಕೆ ಹೋಗಿ ನಿಲ್ಲುತ್ತದೆ. ಇಂಧನ ನಿಲ್ಲಿಸುವುದಷ್ಟೇ ಲಿಮಿಟರಿನ ಕೈಯಲ್ಲಿದೆ, ಚಕ್ರ ತಿರುಗಿಸುವುದನ್ನು ತಡೆಯಲು ಅದಕ್ಕೇನು ಸಾಧ್ಯ?

ಬೆಳಗಾಗುವುದನ್ನೇ ಕಾದು ಮಾಲೀಕರಿಗೆ ಫೋನು ಮಾಡಿದೆ. "ಸಾರ್, ಯಾವಾಗಲಾದರೂ ಗೇರು ತಪ್ಪಿ ಬಿದ್ದಿತ್ತಾ?" ಅಂದೆ. "ನನ್ನ ಕೈಯಲ್ಲಂತೂ ಇಲ್ಲಪ್ಪ. ಒಂದೇ ಒಂದು ಸಲ ತಮ್ಮ ತಗೊಂಡು ಹೋಗಿದ್ದ. ಕೇಳ್ತೀನಿ ಇರಿ" ಅಂದರು. ಅವರ ದನಿ ಆಗಲೇ ತಣ್ಣಗಾಗಿತ್ತು.

ಕಾಮಾಲೆ ಕಣ್ಣಿಗೆ ಎಲ್ಲವೂ ಹಳದಿ. 311ನೇ ಗಂಟೆಯನ್ನು 33ರಿಂದ ಗುಣಿಸಿದೆ, ಹತ್ತು ಸಾವಿರ ಕಿ.ಮೀ. ಚಿಲ್ಲರೆ. ಸರ್ವಿಸ್ ದಾಖಲೆ ತಿರುವಿದರೆ ಅದೇ ಆಸುಪಾಸಿನಲ್ಲಿ ಬ್ರೇಕ್ ಫ್ಲೂಯಿಡ್ ಬದಲಿಸಿದ್ದಾರೆ! ರೇಸ್ ಟ್ರ್ಯಾಕಿಗೆ ಹೋದವರೇ ತಾನೇ ಹಾಗೆ ಮಾಡುವುದು ಅಂತ ತಮ್ಮನನ್ನು ಅಪರಾಧಿ ಮಾಡಿ ಕೇಸು ಮುಗಿಸಿದೆ. ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸಲೇಬೇಕು ಎನ್ನುವುದು ನನಗೇ ಗೊತ್ತಿರುವ ವಿಷಯ. ಆ ರಾತ್ರಿ ಮರೆತಿತ್ತು.

ಮೂರನೇ ದಿನ ಪೆನ್ನು ಹಿಡಿದು ಕೂತೆ. ಟೇಬಲ್ಲಿನಲ್ಲಿರುವುದು ಕಿಡಿಗಳ ಲೆಕ್ಕ, ಸಲಗಳದ್ದಲ್ಲ. ಆರು ಸಿಲಿಂಡರಿನಲ್ಲಿ ಒಂದು ಸುತ್ತಿಗೆ ಮೂರು ಕಿಡಿ. 8,000 ಆರ್‌ಪಿಎಂ ಅಂದರೆ ಸೆಕೆಂಡಿಗೆ 400. ಹಾಗಾಗಿ ಒಂದನೇ ಸಾಲಿನ 2,140 ಎಂಬ ದೊಡ್ಡ ಸಂಖ್ಯೆ ಕಾರಿನ ಇಡೀ ಆಯುಸ್ಸಿನಲ್ಲಿ ಐದು ಸೆಕೆಂಡು ಚಿಲ್ಲರೆ. ಐವತ್ತೆಂಟು ಎಂದರೆ ಸೆಕೆಂಡಿನ ಏಳನೇ ಒಂದು ಭಾಗ. ಅಷ್ಟು ಹೊತ್ತು ಸಾಕು ವಾಲ್ವು ಪಿಸ್ಟನ್ನಿಗೆ ಮುತ್ತಿಡಲು, ಆದರೆ ಅದಾಗಿ 329 ಗಂಟೆ ಇಂಜಿನ್ ಚೆನ್ನಾಗಿ ಓಡಿದೆ. ಸಿಲಿಂಡರಿನಿಂದ ಗಾಳಿ ಸೋರುತ್ತದೆಯೇ ಅಂತ ನೋಡುವ ಲೀಕ್‌ಡೌನ್ ಟೆಸ್ಟ್ ಮಾಡಿಸಿ ಕೊಂಡುಬಿಡಲೇ ಅಂತ ಮನಸ್ಸು ಜಾರುತ್ತಿತ್ತು.

ಅಷ್ಟರಲ್ಲಿ ಕಣ್ಣು ಆ ಎರಡು ಸೊನ್ನೆಗಳ ಮೇಲೆ ಬಿತ್ತು.

ಎರಡನೇ ಮಹಡಿ, ಮೂರನೇ ಮಹಡಿ ಮುಟ್ಟದೆ ನಾಲ್ಕನೆಯದಕ್ಕೆ ಹೋದವರು ಯಾರು? ಇಂಜಿನ್ ಎಷ್ಟೇ ರಭಸದಲ್ಲಿ ಏರಿದರೂ ನಡುವಿನ ರೇಂಜುಗಳನ್ನು ಹಾಯ್ದೇ ಹೋಗಬೇಕು, ಹಾಯ್ದೇ ಇಳಿಯಬೇಕು. ಹೋಗುವಾಗ ನಾಲ್ಕು, ಬರುವಾಗ ಹತ್ತು ಕಿಡಿಯಾದರೂ ಅಲ್ಲಿ ಬೀಳಲೇಬೇಕು, 311ನೇ ಗಂಟೆಯದೇ ಮುದ್ರೆಯೊಂದಿಗೆ. ಯಾರೋ ಅಂಕಿ ತಿದ್ದಿದ್ದಾರೆ ಅಂದುಕೊಂಡೆ. ಆದರೆ ತಿದ್ದುವವನು ಎರಡು ಮೂರನ್ನು ಅಳಿಸಿ ನಾಲ್ಕನ್ನು ಉಳಿಸುವಷ್ಟು ದಡ್ಡನೇ? ಕಳ್ಳ ಚಿಲ್ಲರೆ ಕದ್ದು ಚಿನ್ನ ಬಿಟ್ಟುಹೋದ ಹಾಗೆ. ಐದು ರಾತ್ರಿ ಇದೇ ಆಯಿತು. ಕೊನೆಗೆ ಮನೆಯಲ್ಲಿ ಯಾರೂ ನನ್ನೆದುರು ಸೊನ್ನೆ ಎನ್ನುವ ಪದವನ್ನೇ ಆಡುತ್ತಿರಲಿಲ್ಲ.

ದಾರಿ ತೋರಿಸಿದ್ದು ಗೆಳೆಯನ ಕಾರು. ಅವನದೂ ಇದೇ ಜಿಟಿಎಸ್, ಆದರೆ ಪಿಡಿಕೆ, ಅಂದರೆ ಪೋರ್ಷೆಯ ಆಟೊಮ್ಯಾಟಿಕ್. ಪಿಡಿಕೆ ಗೇರ್‌ಬಾಕ್ಸ್ ಲಿಮಿಟ್ ಮೀರಿಸುವ ಡೌನ್‌ಶಿಫ್ಟನ್ನು ಒಪ್ಪುವುದೇ ಇಲ್ಲ. ಪ್ಯಾಡಲ್ ಎಷ್ಟು ಎಳೆದರೂ ಕಿವುಡಾಗಿರುತ್ತದೆ. ಅಂದಮೇಲೆ ಅದರಲ್ಲಿ ನಾಲ್ಕನೇ ಸಾಲು ಖಾಲಿ ಇರಲೇಬೇಕು. ಕೇಬಲ್ ಸಿಕ್ಕಿಸಿದೆ. ರೇಂಜ್ 1: 940. ಎರಡು: ಸೊನ್ನೆ. ಮೂರು: ಸೊನ್ನೆ. ನಾಲ್ಕು: 17.

"ಲೇ, ನನ್ನ ಕಾರಿಗೂ ರೋಗ ಅಂಟಿಸಿದೆಯಲ್ಲೋ" ಅಂದ. ನಾನು ಅಲ್ಲೇ ನೆಲದ ಮೇಲೆ ಕೂತು ನಕ್ಕೆ. ತಕ್ಕಡಿಯೇ ಸುಳ್ಳು ಹೇಳುತ್ತಿತ್ತು. ಕೇಬಲ್ಲಿನ ಜೊತೆ ಬಂದ ಸಾಫ್ಟ್‌ವೇರಿನಲ್ಲಿ ಈ ಕಂಟ್ರೋಲ್ ಯೂನಿಟ್ಟಿನ ಪ್ರೊಫೈಲೇ ಇರಲಿಲ್ಲ. ಹಳೆಯ ಯಾವುದೋ ಯೂನಿಟ್ಟಿನ ಅಚ್ಚಿಗೆ ಇದರ ಅಂಕಿಗಳನ್ನು ಸುರಿದು, ಎರಡನೇ ಸಾಲಿನದನ್ನು ನಾಲ್ಕರಲ್ಲಿ ಕೂರಿಸುತ್ತಿತ್ತು.

ಕೇಬಲ್ ಮಾರಿದವನಿಗೆ ಬರೆದೆ. ಡಬ್ಬದ ಮೇಲೆ ಮೂರು ಕಡೆ 'ಅಸಲಿ' ಅಂತ ಅಚ್ಚು ಹಾಕಿಸಿದ್ದ ಪುಣ್ಯಾತ್ಮ. ಅಸಲಿ ಮಾಲಿಗೆ ಅದನ್ನು ಒಂದು ಸಲವೂ ಹೇಳಿಕೊಳ್ಳಬೇಕಾಗಿಲ್ಲ ಎನ್ನುವುದು ಕೊಳ್ಳುವಾಗ ಹೊಳೆಯಬೇಕಿತ್ತು. ಮೊದಲ ಉತ್ತರ: ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ. ಎರಡನೆಯದು: ಬೇರೆ ಕಾರಿನಲ್ಲಿ ನೋಡಿ. ಮೂರನೆಯದು ಬರಲೇ ಇಲ್ಲ. ಬೇರೆ ಕಡೆ ಸರಿಯಾದ ಕೇಬಲ್ ಆರ್ಡರ್ ಮಾಡಿದೆ. ಅವರು ಒಂದು ವಾರ ತೆಗೆದುಕೊಂಡು, ಮೊದಲು ಬರೀ ಕೇಬಲ್ಲಿನ ಚೀಲವನ್ನು ಕಳಿಸಿದರು.

ಆ ವಾರ ಖಾಲಿ ಕೂರಲಾಗದೆ ಮುಂದಿನ ಹುಚ್ಚಿಗೆ ಕಡತ ತೆರೆದಿದ್ದೇನೆ: ಮರ್ಸಿಡಿಸ್ 500ಇ, ಡಬ್ಲ್ಯೂ124 ಸರಣಿಯದು. ನೋಡಲು ಹೆಡ್‌ಮಾಸ್ಟರರ ಕಾರು, ಬಾನೆಟ್ಟಿನಡಿ ಐದು ಲೀಟರಿನ ವಿ8, ಜೋಡಿಸಲು ನೆರವಾದದ್ದು ಪೋರ್ಷೆಯ ಜುಫೆನ್‌ಹಾಸನ್ ಕಾರ್ಖಾನೆ. ಆ ಕಾಲದ ಮರ್ಸಿಡಿಸ್‌ಗಳ ಇಂಜಿನ್ ವೈರಿಂಗಿನ ಹೊದಿಕೆ ಬಿಸಿಗೆ ಒಣಗಿ ಹಪ್ಪಳದಂತೆ ಉದುರುತ್ತದೆ. ಹಾಗಾಗಿ ಹಾರ್ನೆಸ್, ಅಂದರೆ ಆ ವೈರುಗಳ ಗೊಂಚಲು, ಬದಲಿಸಿದ ರಸೀದಿ ಇಲ್ಲದ ಕಾರಿನ ಫೋಟೋವನ್ನೂ ನೋಡಬಾರದು ಅಂತ ಶಪಥ ಮಾಡಿದ್ದೇನೆ. ಮೂರು ನೋಡಿಯಾಯಿತು. ಅದರಲ್ಲಿ ಸ್ಕ್ಯಾನರಿಗೆ ಸುಳ್ಳು ಹೇಳಲು ಅಂಥದ್ದೇನೂ ಇಲ್ಲ ಎನ್ನುವುದೇ ಈಗ ನನಗೆ ದೊಡ್ಡ ಆಕರ್ಷಣೆ.

ನಿನ್ನೆ ಕೇಬಲ್ ಬಂತು. ಮೊದಲು ಗೆಳೆಯನ ಕಾರು: ಹದಿನೇಳು ಎರಡನೇ ಸಾಲಿಗೆ ಬಂದು ಕೂತಿತು, ನಾಲ್ಕು ಖಾಲಿ. ಮಾಲೀಕರ ಕಾರಿನಿಂದ ಉಳಿಸಿಕೊಂಡಿದ್ದ ಫೈಲನ್ನು ಹೊಸ ಸಾಫ್ಟ್‌ವೇರಿನಲ್ಲಿ ತೆರೆದೆ. ಒಂದು: 2,140. ಎರಡು: 58. ಅಲ್ಲಿಂದ ಕೆಳಗೆ ಸೊನ್ನೆ, ಸೊನ್ನೆ, ಸೊನ್ನೆ, ಸೊನ್ನೆ. ಇಷ್ಟು ಚೆಂದದ ಸೊನ್ನೆಗಳನ್ನು ನಾನು ನೋಡಿರಲಿಲ್ಲ.

ಇವತ್ತು ಬೆಳಿಗ್ಗೆ ಫೋನು ಮಾಡಿ, ತಪ್ಪು ನನ್ನದೇ ಸಾರ್, ಮುಂದಿನ ವಾರ ಲಿಫ್ಟಿಗೆ ಏರಿಸಿ ನೋಡಿ ಮಾತು ಮುಗಿಸೋಣ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಬನ್ನಿ, ನನಗೇನೂ ಬೇಸರವಿಲ್ಲ. ಆದರೆ ತಮ್ಮ ಎರಡು ವಾರದಿಂದ ನನ್ನ ಹತ್ತಿರ ಮಾತು ಬಿಟ್ಟಿದ್ದಾನೆ. ಕಾರಿನ ಎರಡನೇ ಕೀ ಇರೋದು ಅವನ ಹತ್ತಿರ. ಅದನ್ನ ನೀವೇ ಹೋಗಿ ಇಸ್ಕೊಳ್ಳಿ."