ಸೋಮವಾರದ ಮಳೆ

ವಿಜ್ಞಾನ ಶಿಬಿರದ ಅರ್ಜಿಯಲ್ಲಿ ಹೆಸರು, ಶಾಲೆ, ಅಂಕ ಎಲ್ಲ ತುಂಬಿಸಿದ ಮೇಲೆ ಕೊನೆಗೊಂದು ಪ್ರಶ್ನೆ ಇತ್ತು: ನಿಮ್ಮ ಮನೆಯಲ್ಲಿ ಯಾರಾದರೂ ಏನನ್ನಾದರೂ ದಿನಾ ಅಳೆಯುತ್ತಾರೆಯೇ? ಬೆಂಗಳೂರಿನ ಹುಡುಗನೊಬ್ಬ ತಾತನ ಶುಗರ್ ರೀಡಿಂಗ್ ಬಗ್ಗೆ ಬರೆದಿದ್ದನಂತೆ. ಹಾವೇರಿ ಕಡೆಯ ಹುಡುಗಿ ಡೇರಿಗೆ ಹಾಕುವ ಹಾಲಿನ ಫ್ಯಾಟ್ ಬಗ್ಗೆ. ನಾನು ಬರೆದದ್ದು ಅಪ್ಪ ಅಳೆಯುವ ಮಳೆಯ ಬಗ್ಗೆ.

ಅಪ್ಪ ಸುಂಟಿಕೊಪ್ಪದ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರ್. ಆಳುಗಳ ಹಾಜರಿ, ಗೊಬ್ಬರದ ಲೆಕ್ಕ, ಕುಯ್ದ ಹಣ್ಣಿನ ತೂಕ, ಇದೆಲ್ಲದರ ಜತೆ ಮಳೆಯ ಪುಸ್ತಕವೂ ಅವರ ಪಾಲಿಗೆ. ನಮ್ಮ ಕಡೆ ತೋಟದವರು ಮಳೆಯನ್ನು ಮಿಲಿಮೀಟರಿನಲ್ಲಿ ಹೇಳುವುದಿಲ್ಲ. ಇಂಚು, ಸೆಂಟು. ನೂರು ಸೆಂಟಿಗೆ ಒಂದು ಇಂಚು. ಮಾರ್ಚಿನಲ್ಲಿ ಒಂದು ಇಂಚು ಹೂಮಳೆ ಬಿದ್ದರೆ ಎಂಟು ಹತ್ತು ದಿನಕ್ಕೆ ರೊಬಸ್ಟಾ ಗಿಡಗಳೆಲ್ಲ ಬೆಳ್ಳಗಾಗುತ್ತವೆ, ಸಾಹುಕಾರರ ಮುಖವೂ. ಹದಿನೈದು ಸೆಂಟು ಬಿದ್ದು ನಿಂತುಬಿಟ್ಟರೆ ಅರ್ಧ ಅರಳಿದ ಮೊಗ್ಗು ಹಾಗೇ ಹಾಳು. ಹೂ ಬಿದ್ದ ಮೇಲೆ ಕಾಯಿ ಕಟ್ಟಲು ಮತ್ತೊಂದು ಮಳೆ ಬೇಕು, ಅದು ಬ್ಯಾಕಿಂಗ್ ಮಳೆ. ಹೀಗಾಗಿ ನಮ್ಮ ಮನೆಯಲ್ಲಿ ‘ಮಳೆ ಬಂತಾ?’ ಅಂತ ಯಾರೂ ಕೇಳುತ್ತಿರಲಿಲ್ಲ, ‘ಎಷ್ಟು ಸೆಂಟು?’ ಅನ್ನುತ್ತಿದ್ದರು.

ಆಯ್ಕೆಗೆ ಲಿಖಿತ ಪರೀಕ್ಷೆಯೂ ಇತ್ತು. ‘ನಿಮ್ಮ ಶಾಲೆಯಲ್ಲಿ ವರ್ಷಕ್ಕೆ ಎಷ್ಟು ಸೀಮೆಸುಣ್ಣ ಖರ್ಚಾಗುತ್ತದೆ? ಲೆಕ್ಕದ ದಾರಿ ತೋರಿಸಿ’ ಅನ್ನುವಂಥವು. ಬಾಯಿಪಾಠಕ್ಕೆ ಸಿಗದ ಪ್ರಶ್ನೆಗಳು, ಒಳ್ಳೆಯದೇ. ಆದರೆ ಅರ್ಜಿ ಇದ್ದದ್ದು ಇಂಗ್ಲಿಷಿನಲ್ಲಿ, ಅದೂ ಆನ್‌ಲೈನ್. ನಮ್ಮ ವಿಜ್ಞಾನದ ಮೇಷ್ಟ್ರು ತಮ್ಮ ಫೋನಿನಲ್ಲಿ ತುಂಬಿಸದಿದ್ದರೆ ನನಗೆ ಸುದ್ದಿಯೇ ಇರುತ್ತಿರಲಿಲ್ಲ. ನನ್ನ ತರಗತಿಯಲ್ಲೇ ನನಗಿಂತ ಚುರುಕಾದವಳೊಬ್ಬಳಿದ್ದಳು. ಹೆಣ್ಣುಮಗಳನ್ನು ರಾತ್ರಿ ಹೊರಗೆ ಉಳಿಯಲು ಕಳಿಸುವುದಿಲ್ಲ ಅಂದರು ಅವಳ ಮನೆಯಲ್ಲಿ, ಅಲ್ಲಿಗೆ ಮುಗಿಯಿತು. ಆಯ್ಕೆಯ ಜರಡಿ ಪರೀಕ್ಷೆಗಿಂತ ಎಷ್ಟೋ ಮೊದಲೇ ಆಡಿರುತ್ತದೆ. ಪ್ರತಿಭಾನ್ವೇಷಣೆ ಅಂತ ಬ್ಯಾನರ್ ಕಟ್ಟುವವರಿಗೆ ಇದು ಕಾಣುವುದು ಕಡಿಮೆ.

ಅದು 2019ರ ಏಪ್ರಿಲ್. 18ಕ್ಕೆ ಕೊಡಗಿನಲ್ಲಿ ಲೋಕಸಭೆಗೆ ಮತದಾನ. ಮೇಷ್ಟ್ರುಗಳ ಬೂತ್ ಡ್ಯೂಟಿ ಮುಗಿದ ಮೇಲೆ ಶಿಬಿರ ಶುರುವಾಯಿತು. ಮಡಿಕೇರಿಯಿಂದ ಸ್ವಲ್ಪ ಆಚೆ ಒಂದು ವಸತಿಶಾಲೆ. ಉಳಿದವರು ರಾತ್ರಿ ಬಸ್ಸಿನಲ್ಲಿ ನಿದ್ದೆಗೆಟ್ಟು ಬಂದರೆ ನಾನು ಅರ್ಧ ಗಂಟೆಯಲ್ಲಿ ಬಂದಿಳಿದೆ. ಅವರು ಮಂಜು ನೋಡಿ ಫೋಟೋ ತೆಗೆಯುತ್ತಿದ್ದರು. ನನಗೆ ಆ ಮಂಜು ಅಂದರೆ ಒಣಗದ ಯೂನಿಫಾರ್ಮು. ಬರುವಾಗ ಮನೆಯಲ್ಲಿ ಅಳೆದದ್ದೇನಿದ್ದರೂ ತನ್ನಿ ಅಂದಿದ್ದರಿಂದ, ಸಾಹುಕಾರರ ಒಪ್ಪಿಗೆ ಕೇಳಿ ಅಪ್ಪ ಮಳೆಯ ಹಳೇ ಪುಸ್ತಕಗಳನ್ನು ರಸಗೊಬ್ಬರದ ಚೀಲದಲ್ಲಿ ಕಟ್ಟಿಕೊಟ್ಟಿದ್ದರು. ಇತರರ ಬ್ಯಾಗಿನಿಂದ ಸರ್ಕ್ಯೂಟ್ ಬೋರ್ಡು, ಪುಟ್ಟ ದೂರದರ್ಶಕ ಹೊರಬರುವಾಗ ಆ ಚೀಲವನ್ನು ಮಂಚದ ಕೆಳಗೆ ತಳ್ಳಿದೆ.

ಶಿಬಿರ ನಡೆಸುತ್ತಿದ್ದ ಮೇಡಂ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು. ಅವರದ್ದು ಒಂದೇ ಕಾಟ. ನಾವು ಯಾವ ಸಂಖ್ಯೆ ಹೇಳಿದರೂ ‘ಪ್ಲಸ್ ಮೈನಸ್ ಎಷ್ಟು?’ ಅನ್ನುವುದು, ಅಂದರೆ ಆ ಅಳತೆ ಎಷ್ಟು ಆಚೀಚೆ ಇರಬಹುದು ಅಂತ. ಮೊದಲ ಪ್ರಯೋಗ ನೀರು ಕುದಿಸುವುದು. ಉಷ್ಣಮಾಪಕ 96 ಡಿಗ್ರಿಗೆ ಬಂದು ನಿಂತುಬಿಟ್ಟಿತು. ಉಷ್ಣಮಾಪಕ ಕೆಟ್ಟಿದೆ ಅಂದ ಮಂಗಳೂರಿನವನು. ಬೇರೆಯದು ಹಾಕಿದರೂ ಅಷ್ಟೇ. ಮಡಿಕೇರಿ ಸಮುದ್ರಮಟ್ಟದಿಂದ 1,100 ಮೀಟರಿಗೂ ಮೇಲಿದೆ, ಸುಮಾರು 300 ಮೀಟರ್ ಏರಿದರೆ ಕುದಿಬಿಂದು ಒಂದು ಡಿಗ್ರಿ ಇಳಿಯುತ್ತದೆ, ಸರಿಹೋಯಿತು. ಪುಸ್ತಕದ ನೂರನ್ನು ಬಿಟ್ಟು ಕಣ್ಣೆದುರಿನ 96 ಬರೆಯಲು ನಮಗೆ ಇಡೀ ಬೆಳಗ್ಗೆ ಹಿಡಿಯಿತು ಅನ್ನುವುದು ಬೇರೆ ಮಾತು.

ಏಪ್ರಿಲ್ 23ಕ್ಕೆ ಶೂನ್ಯ ನೆರಳು. ಮಡಿಕೇರಿಯ ಅಕ್ಷಾಂಶ ಸುಮಾರು 12.4 ಡಿಗ್ರಿ, ಸೂರ್ಯ ಉತ್ತರಕ್ಕೆ ಸರಿಯುತ್ತ ಆ ದಿನ ನಮ್ಮ ನೆತ್ತಿಗೆ ಸರಿಯಾಗಿ ಬರುತ್ತಾನೆ. ಗಡಿಯಾರದ ಹನ್ನೆರಡಕ್ಕಲ್ಲ, ಹನ್ನೆರಡೂ ಇಪ್ಪತ್ತೈದಕ್ಕೆ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ, ಮಡಿಕೇರಿ ಇರುವುದು ಅದಕ್ಕಿಂತ ಪಶ್ಚಿಮಕ್ಕೆ 75.7ರಲ್ಲಿ. ಡಿಗ್ರಿಗೆ ನಾಲ್ಕು ನಿಮಿಷದಂತೆ ತಡ. ಮೋಡ ಕವಿಯುತ್ತದೆಂದು ನಾನು ಅಂದುಕೊಂಡಿದ್ದೆ, ಏಪ್ರಿಲ್ ಮಧ್ಯಾಹ್ನವನ್ನು ನಂಬಿದ ಕೊಡಗಿನವರಿಲ್ಲ. ಆದರೆ ಬಿಸಿಲು ನಿಂತಿತು. ಮೀಟರ್ ಉದ್ದದ ಕೋಲಿನ ನೆರಳು ಕುಗ್ಗಿ ಕುಗ್ಗಿ ಬುಡಕ್ಕೆ ಸೇರಿಕೊಂಡಿತು.

ಇಷ್ಟಕ್ಕೇ ಚಪ್ಪಾಳೆ ತಟ್ಟಿ ಊಟಕ್ಕೆ ಹೋಗಬಹುದಿತ್ತು. ಬೀದರಿನ ಹುಡುಗ ಮಾತ್ರ ಹಿಂದಿನ ರಾತ್ರಿಯೇ ವಾರ್ಡನ್ ಫೋನಿನಿಂದ ಮನೆಗೆ ಮಾತಾಡಿ ತಂಗಿಗೂ ಅಷ್ಟೇ ಉದ್ದದ ಒಂದು ಕೋಲು ನಿಲ್ಲಿಸಲು ಹೇಳಿದ್ದ. ಬೀದರಿನಲ್ಲಿ ಅವತ್ತೇ ಮತದಾನ. ಓಟು ಹಾಕಿ ಬಂದ ಅವರಪ್ಪ ಮಾಳಿಗೆಯ ಮೇಲೆ ಕೋಲು ಹಿಡಿದು ನಿಂತರಂತೆ, ತಂಗಿ ಸ್ಕೇಲ್ ಹಿಡಿದಳಂತೆ. ಅಲ್ಲಿಯ ಅತಿ ಚಿಕ್ಕ ನೆರಳು ಒಂಬತ್ತೂವರೆ ಸೆಂಟಿಮೀಟರ್. ‘ಪ್ಲಸ್ ಮೈನಸ್?’ ಅಂದರು ಮೇಡಂ. ಹುಡುಗ ಮತ್ತೆ ಫೋನಿಗೆ ಓಡಿದ. ‘ನೆರಳಿನ ತುದಿ ಮಸುಕದಂತ್ರಿ, ಎಲ್ಲಿ ಮುಗೀತದ ಗೊತ್ತಾಗಂಗಿಲ್ಲಂತ, ಅರ್ಧ ಸೆಂಟಿಮೀಟರ್ ಆಕಡಿ ಈಕಡಿ.’ ಮೇಡಂಗೆ ಅಷ್ಟೊಂದು ಖುಷಿಯಾದದ್ದನ್ನು ನಾವು ಅಲ್ಲಿಯವರೆಗೆ ನೋಡಿರಲಿಲ್ಲ. ಸೂರ್ಯ ಚುಕ್ಕಿಯಲ್ಲ, ಆಕಾಶದಲ್ಲಿ ಅರ್ಧ ಡಿಗ್ರಿ ಅಗಲದ ತಟ್ಟೆ, ಆದ್ದರಿಂದ ನೆರಳಿಗೆ ಚೂಪಾದ ಅಂಚಿರುವುದಿಲ್ಲ. ಬೀದರಿನ ಮಾಳಿಗೆಯಲ್ಲಿ ಎಂಟನೇ ಕ್ಲಾಸಿನ ಹುಡುಗಿ ಅದನ್ನು ಕಂಡಿದ್ದಳು. ಒಂಬತ್ತೂವರೆ ಸೆಂಟಿಮೀಟರಿಗೆ ಕೋನ 5.4 ಡಿಗ್ರಿ, ಭೂಪಟದಲ್ಲಿ ಎರಡು ಊರುಗಳ ಉತ್ತರ ದಕ್ಷಿಣ ಅಂತರ ಸುಮಾರು 610 ಕಿಲೋಮೀಟರ್. 5.4 ಡಿಗ್ರಿಗೆ ಅಷ್ಟಾದರೆ ಪೂರ್ತಿ ಸುತ್ತಿನ 360 ಡಿಗ್ರಿಗೆ, ಅಂದರೆ ಭೂಮಿಯ ಸುತ್ತಳತೆ, 40,600ರ ಆಸುಪಾಸು. ನಿಜವಾದದ್ದು ನಲವತ್ತು ಸಾವಿರ ಚಿಲ್ಲರೆ. ಅರ್ಧ ಸೆಂಟಿಮೀಟರಿನ ಅನುಮಾನವನ್ನು ಸೇರಿಸಿದರೆ ನಮ್ಮ ಉತ್ತರ ಎರಡು ಸಾವಿರ ಕಿಲೋಮೀಟರ್ ಹೆಚ್ಚುಕಡಿಮೆ ಆಗಬಹುದಿತ್ತು. ಅದನ್ನೂ ದೊಡ್ಡ ಅಕ್ಷರದಲ್ಲೇ ಬರೆಸಿದರು.

ಆ ರಾತ್ರಿ ಚೀಲ ಮಂಚದ ಕೆಳಗಿನಿಂದ ಹೊರಬಂತು.

ಪುಸ್ತಕಗಳನ್ನು ಕಂಡು ಎಲ್ಲರೂ ಮುಗಿಬಿದ್ದರು. ಅಪ್ಪನ ಕೈಬರಹ ದುಂಡಗಿದೆ, ಒಂದು ಅಂಕಿ ಇನ್ನೊಂದಕ್ಕೆ ತಾಗುವುದಿಲ್ಲ. ನಾಲ್ಕು ಜನರ ಗುಂಪು ಮಾಡಿಕೊಂಡು ವಾರದ ಯಾವ ದಿನ ಎಷ್ಟು ಮಳೆ ಅಂತ ಸುಮ್ಮನೆ ಆಟಕ್ಕೆ ಎಣಿಸತೊಡಗಿದೆವು. ಚಾರ್ಟಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಪಟ್ಟಿ ಎಳೆದಾಗ ಸೋಮವಾರದ್ದು ಮಾತ್ರ ಉಳಿದವುಗಳ ಹೆಚ್ಚುಕಡಿಮೆ ಎರಡರಷ್ಟು ಎತ್ತರ. ಒಂದು ವರ್ಷದಲ್ಲಲ್ಲ, ಎಲ್ಲ ವರ್ಷಗಳಲ್ಲೂ.

ಬೆಂಗಳೂರಿನವನ ಕಣ್ಣು ಅರಳಿತು. ಅವನು ಓದಿಕೊಂಡವನು. ವಾರವಿಡೀ ಕಾರ್ಖಾನೆ, ವಾಹನಗಳ ಧೂಳು ಗಾಳಿಗೆ ಸೇರುತ್ತದೆ, ಧೂಳಿನ ಕಣಗಳ ಮೇಲೆ ಮೋಡದ ಹನಿ ಕಟ್ಟುತ್ತದೆ, ಭಾನುವಾರ ಎಲ್ಲ ನಿಂತಾಗ ಏರುಪೇರಾಗಿ ಸೋಮವಾರ ಸುರಿಯುತ್ತದೆ ಅಂತ ವಾದ ಕಟ್ಟಿದ. ಇಂಥ ಅಧ್ಯಯನಗಳು ನಡೆದಿವೆ ಅಂತಲೂ ಹೇಳಿದ, ಅದು ಸುಳ್ಳಲ್ಲ. ಕೇಳಲು ಎಷ್ಟು ಚೆನ್ನಾಗಿತ್ತೆಂದರೆ ನಾವು ಆಗಲೇ ಶೀರ್ಷಿಕೆ ಬರೆದಾಗಿತ್ತು. ಮೇಡಂ ಬಂದು ನೋಡಿ, ಹೌದು ಅನ್ನಲಿಲ್ಲ, ಇಲ್ಲವೂ ಅನ್ನಲಿಲ್ಲ. ‘ಇದು ತಪ್ಪಾಗಿದ್ದರೆ ಪುಸ್ತಕದಲ್ಲಿ ಏನು ಕಾಣಬೇಕು ಹೇಳಿ’ ಎಂದು ಮಲಗಲು ಹೋದರು.

ಹಾವೇರಿಯವಳು ಅಲ್ಲಿಯವರೆಗೆ ಬಾಯಿ ಬಿಟ್ಟಿರಲಿಲ್ಲ. ಬೆರಳಿಟ್ಟು ಸಾಲು ಸಾಲಾಗಿ ಪುಟ ನೋಡುತ್ತಿದ್ದಳು. ‘ಭಾನುವಾರ ಎಲ್ಲಾ ಖಾಲಿ ಅದಾವಲ್ಲ,’ ಅಂದಳು. ‘ನಮ್ಮ ಡೇರಿ ಪುಸ್ತಕದಾಗ ಹಾಲು ಹಾಕದ ದಿನಕ್ಕ ಗೀಟು ಎಳೀತಾರ. ಖಾಲಿ ಬಿಡಂಗಿಲ್ಲ. ಇದು ಮಳಿ ಇಲ್ಲ ಅಂತೋ, ಅಳದಿಲ್ಲ ಅಂತೋ?’

ಜುಲೈ ಪುಟ ತೆಗೆದೆವು. ಜುಲೈ ಅಂದರೆ ನಮ್ಮಲ್ಲಿ ಕಕ್ಕಡ, ಮನೆಯ ಗೋಡೆಗೂ ಬೂಸ್ಟು ಹಿಡಿಯುವ ಕಾಲ. ಅಂಥ ತಿಂಗಳಲ್ಲಿ ಒಂದು ಭಾನುವಾರವೂ ಮಳೆ ಇಲ್ಲವೆಂದರೆ ಬೀದರಿನವನು ನಂಬಬಹುದು, ನಾನು ನಂಬಲಾರೆ. ಮಾರನೆಯ ಸಂಜೆ ಅಪ್ಪನಿಗೆ ಫೋನ್ ಮಾಡಿದೆ. ಭಾನುವಾರದ ಮಳೆ ಯಾಕೆ ಬರೆದಿಲ್ಲ ಅಂತ ಕೇಳಿದ್ದೇ, ಆ ಕಡೆ ಒಂದು ಕ್ಷಣ ಸದ್ದಿಲ್ಲ.

‘ಯಾಕ್ ಮಗಾ, ಸಾಹುಕಾರ್ರು ಏನಾದ್ರೂ ಕೇಳಿದ್ರಾ?’

ಇಲ್ಲಪ್ಪ, ಇದು ನಮ್ಮ ಲೆಕ್ಕಕ್ಕೆ ಅಂದ ಮೇಲೆ ದನಿ ಸಡಿಲಾಯಿತು. ‘ಭಾನುವಾರ ತೋಟಕ್ಕೆ ರಜ ಅಲ್ವಾ, ಯಾರ್ ಹೋಗಿ ಅಳೀತಾರೆ? ಮಳೆ ಅಳೆಯೋ ಜಾಡಿಲಿ ಹಂಗೇ ಇರ್ತದೆ. ಸೋಮವಾರ ಬೆಳಗ್ಗೆ ಎರಡೂ ದಿನದ್ದು ಒಟ್ಟಿಗೆ ಬರೀತೀನಿ. ತಿಂಗಳ ಲೆಕ್ಕದಲ್ಲಿ ಒಂದು ಸೆಂಟೂ ಆಚೀಚೆ ಆಗಿಲ್ಲ, ಬೇಕಾದ್ರೆ ಕೂಡಿಸಿ ನೋಡು.’

ನೋಡಿದೆವು. ಆಗಿರಲಿಲ್ಲ. ಸೋಮವಾರವನ್ನು ಎರಡರಿಂದ ಭಾಗಿಸಿದರೆ ಎತ್ತರದ ಪಟ್ಟಿ ಉಳಿದವುಗಳ ಸಾಲಿಗೆ ಬಂದು ನಿಂತಿತು. ಬೆಂಗಳೂರಿನವನು ಚಾರ್ಟನ್ನು ಹರಿಯಲಿಲ್ಲ; ಅವನ ದೊಡ್ಡತನ ಅದು. ಧೂಳಿನ ವಾದದ ಕೆಳಗೆ ‘ರೈಟರಿಗೆ ಭಾನುವಾರ ರಜೆ’ ಅಂತ ಕಾರಣ ಬರೆದು ಹಾಗೇ ಗೋಡೆಗೆ ಅಂಟಿಸಿದ. ತಿಂಗಳ ಮೊತ್ತ ಬೇಕಾದವರಿಗೆ ಅಪ್ಪನ ಪುಸ್ತಕ ಅಪ್ಪಟ, ದಿನದ ಮಳೆ ಬೇಕಾದವರಿಗೆ ಅದೇ ಪುಸ್ತಕ ಮೋಸ ಮಾಡುತ್ತದೆ. ನೀರು ಅದೇ, ಕೇಳುವ ಪ್ರಶ್ನೆ ಬೇರೆ. ವರ್ಷಗಟ್ಟಲೆ ಆ ಪುಸ್ತಕದ ಪಕ್ಕದಲ್ಲೇ ಕೂತು ಹೋಂವರ್ಕ್ ಮಾಡಿದ ನನಗೆ ಇದನ್ನು ತೋರಿಸಲು ಹಾಲಿನ ಲೆಕ್ಕ ಗೊತ್ತಿದ್ದವಳು ಹಾವೇರಿಯಿಂದ ಬರಬೇಕಾಯಿತು. ಪ್ರವೇಶ ಪರೀಕ್ಷೆಯಲ್ಲಿ ಅವಳು ವೇಟಿಂಗ್ ಲಿಸ್ಟಿನಲ್ಲಿದ್ದು, ಯಾರೋ ಬರದಿದ್ದರಿಂದ ಸೀಟು ಸಿಕ್ಕಿತ್ತು ಅಂತ ಆಮೇಲೆ ತಿಳಿಯಿತು. ಬೇಗ ಉತ್ತರ ಕೊಡುವವರನ್ನು ಹುಡುಕಲು ಮಾಡಿದ ಪರೀಕ್ಷೆ ನಿಧಾನಕ್ಕೆ ನೋಡುವವರನ್ನು ಹೇಗೆ ಹುಡುಕೀತು?

2018ರ ಆಗಸ್ಟ್ ಪುಟ ಬಂದಾಗ ಗಲಾಟೆ ತಾನಾಗಿಯೇ ತಗ್ಗಿತು. ಅದಕ್ಕೆ ಎರಡು ದಿನ ಮೊದಲು ನಮ್ಮನ್ನು ಮಕ್ಕಂದೂರಿನ ಕಡೆ ಕರೆದೊಯ್ದು ಆ ಆಗಸ್ಟಿನ ಮಳೆಗೆ ಗುಡ್ಡ ಜಾರಿದ ಜಾಗ ತೋರಿಸಿದ್ದರು. ಎಂಟು ತಿಂಗಳಾದರೂ ಕೆಮ್ಮಣ್ಣು ಹಾಗೇ ಇತ್ತು. ಹೆಂಚಿನ ಚೂರು, ಬುಡಮೇಲಾದ ಕಾಫಿ ಗಿಡ. ಆ ವಾರದ ಒಂದು ದಿನಕ್ಕೆ ಅಪ್ಪ ಅಂಕಿಯನ್ನೇ ಬರೆದಿರಲಿಲ್ಲ. ‘ಜಾಡಿ ತುಂಬಿ ಚೆಲ್ಲಿದೆ’ ಎಂದಷ್ಟೇ ಇತ್ತು. ಚಾರ್ಟಿನಲ್ಲಿ ಇದಕ್ಕೇನು ಹಾಕುವುದು? ಬಿಟ್ಟುಬಿಡೋಣ ಅಂದರು ಕೆಲವರು. ಬಿಟ್ಟರೆ ಅತಿ ಹೆಚ್ಚು ಮಳೆಯ ದಿನವೇ ಲೆಕ್ಕದಿಂದ ಹೊರಗೆ. ಜಾಡಿ ಹಿಡಿಯುವಷ್ಟು ಬರೆಯೋಣವೆಂದರೆ ಅದು ಸುಳ್ಳು. ಕೊನೆಗೆ ಜಾಡಿಯ ಅಳತೆಯವರೆಗೆ ಪಟ್ಟಿ ಎಳೆದು, ತಲೆಯ ಮೇಲೆ ಒಂದು ಬಾಣ ಹಾಕಿದೆವು, ಇದಕ್ಕಿಂತ ಹೆಚ್ಚು, ಎಷ್ಟೆಂದು ತಿಳಿಯದು ಅಂತ. ಪ್ಲಸ್ ಇದೆ, ಮೈನಸ್ ಇಲ್ಲ ಅಂದ ಬೀದರಿನವನು. ಮೇಡಂ ತಲೆಯಾಡಿಸಿದರು.

ಕೊನೆಯ ದಿನ ಹೆತ್ತವರನ್ನು ಕರೆದಿದ್ದರು. ಅಪ್ಪ ಮದುವೆಮನೆಗೆ ಹಾಕುವ ಬಿಳಿ ಶರ್ಟಿನಲ್ಲಿ ಬಂದರು. ತಮ್ಮ ಅಂಕಿಗಳು ಗೋಡೆ ತುಂಬ ಬಣ್ಣಬಣ್ಣವಾಗಿ ನಿಂತದ್ದನ್ನು ದೂರದಿಂದಲೇ ನೋಡಿ, ಹತ್ತಿರ ಹೋಗಿ ಒಂದೆರಡನ್ನು ಪುಸ್ತಕದೊಂದಿಗೆ ತಾಳೆ ಹಾಕಿದರು. ಮೇಡಂ ಅವರ ಪಕ್ಕ ಬಂದು ರೈನ್ ಗೇಜ್ ಎಲ್ಲಿಟ್ಟಿದ್ದೀರಿ ಅಂತ ಕೇಳಿದರು. ಸಿಲ್ವರ್ ಓಕ್ ಪಕ್ಕ, ಆಫೀಸಿನಿಂದ ಹತ್ತಿರ, ಅಂದರು ಅಪ್ಪ. ಮರ ಎಷ್ಟು ಎತ್ತರವೋ ಅದರ ಎರಡರಷ್ಟು ದೂರದಲ್ಲಿರಬೇಕು, ಇಲ್ಲದಿದ್ದರೆ ಓರೆ ಮಳೆಯನ್ನು ಮರ ತಡೆಯುತ್ತದೆ ಅಂದರು ಮೇಡಂ.

‘ಕಾಫಿ ತೋಟದಲ್ಲಿ ಮರ ಇಲ್ಲದ ಜಾಗ ಅಂದ್ರೆ ಕಣ ಒಂದೇ ಮೇಡಂ. ಅಲ್ಲಿ ಡಿಸೆಂಬರಿಂದ ಕಾಫಿ ಒಣಗಿಸ್ತೀವಿ, ಕಾಲಿಗೆ ಸಿಗ್ತದೆ.’

‘ಆವಾಗ ಮಳೆ ಇರಲ್ವಲ್ಲ ಅಂಕಲ್, ಎತ್ತಿಡಬಹುದು,’ ಅಂದ ಬೆಂಗಳೂರಿನವನು.

ಅಪ್ಪ ನಕ್ಕುಬಿಟ್ಟರು. ‘ಇರಲ್ಲ ಅಂತೀಯಲ್ಲ, ಕಾಫಿ ಹರಡಿದ ದಿನವೇ ನೋಡು ಅದು ಬರೋದು.’

ಊಟದ ಸಾಲಿನಲ್ಲೂ ಅದೇ ಚರ್ಚೆ. ಕೊನೆಗೆ ಕಣದ ಅಂಚಿಗೆ ಒಪ್ಪಂದವಾಯಿತು. ಮುಂಗಾರಿಗೆ ಮೊದಲೇ ಗೇಜನ್ನು ಅಲ್ಲಿಗೆ ಸಾಗಿಸಿ, ಹಳೇ ಅಂಕಿಗೂ ಹೊಸ ಅಂಕಿಗೂ ಕಲಸುಮೇಲೋಗರ ಆಗದಂತೆ ಪುಸ್ತಕದಲ್ಲಿ ಕೆಂಪು ಶಾಯಿಯಿಂದ ಗೆರೆ ಎಳೆದು ‘ಸ್ಥಳ ಬದಲು’ ಎಂದು ತಾರೀಖು ಹಾಕಿದರು. ಭಾನುವಾರ ಮಾತ್ರ ಅವರು ಜಗ್ಗಲಿಲ್ಲ. ‘ಬೇಕಾದ್ರೆ ನೀನೇ ಅಳಿ,’ ಅಂದರು. ಪಿಯುಸಿಗೆ ಮೈಸೂರಿಗೆ ಹೋಗುವವರೆಗೆ ನಾನೇ ಅಳೆದೆ. ಆಮೇಲೆ ತಮ್ಮನಿಗೆ ರೀಡಿಂಗಿಗೆ ಐದು ರೂಪಾಯಿಯಂತೆ ವಹಿಸಿಕೊಟ್ಟೆ. ಅವನು ಜುಲೈ, ಆಗಸ್ಟ್ ತಿಂಗಳಿಗೆ ಹತ್ತು ಕೇಳುತ್ತಾನೆ, ಕೊಡುತ್ತಿದ್ದೇನೆ.