ಕಣ್ಣಾರೆ ನೋಡಿ ಬರುತ್ತಿದ್ದ ಸಂಸದೆ

21 ಜುಲೈ 2024, ಭಾನುವಾರ

ಆನ್ ಕ್ಲೂಯ್ಡ್ ತೀರಿಕೊಂಡು ಇವತ್ತಿಗೆ ವರ್ಷವಾಯಿತು. ಬ್ರಿಟನ್ನಿನ ವೇಲ್ಸ್ ನಾಡಿನ ಈ ಲೇಬರ್ ಪಕ್ಷದ ಸಂಸದೆಯ ಹೆಸರು ನಮ್ಮ ಕಡೆ ಕೇಳಿದವರು ಕಡಿಮೆ. ನನಗಂತೂ ಅವರ ಮೇಲೆ ತುಂಬಾ ಗೌರವ.

ಮೊದಲು ಪತ್ರಕರ್ತೆಯಾಗಿದ್ದರು. 1979ರಿಂದ ಐದು ವರ್ಷ ಯುರೋಪಿಯನ್ ಸಂಸತ್ತಿನಲ್ಲಿದ್ದು, 1984ರ ಉಪಚುನಾವಣೆಯಲ್ಲಿ ಕನನ್ ವ್ಯಾಲಿ ಕ್ಷೇತ್ರದಿಂದ ಗೆದ್ದರು. ಕಲ್ಲಿದ್ದಲು ಗಣಿಗಳ ಸೀಮೆ ಅದು. ಆ ಕಣಿವೆಗಳಿಂದ ಅಲ್ಲಿಯವರೆಗೆ ಒಬ್ಬ ಹೆಂಗಸೂ ಲಂಡನ್ನಿನ ಸಂಸತ್ತಿಗೆ ಹೋಗಿರಲಿಲ್ಲ. ಕ್ಲೂಯ್ಡ್ 2019ರವರೆಗೂ ಅಲ್ಲಿಂದಲೇ ಗೆಲ್ಲುತ್ತಾ ಬಂದರು.

1994ರ ಏಪ್ರಿಲ್‌ನಲ್ಲಿ ಅವರ ಕ್ಷೇತ್ರದ ಹಿರ್ವೈನ್ ಹತ್ತಿರದ ಟವರ್ ಎಂಬ ಕಲ್ಲಿದ್ದಲು ಗಣಿಗೆ ಬೀಗ ಹಾಕಲು ಸರ್ಕಾರಿ ಕಂಪನಿ ಹೊರಟಿತು. ದಕ್ಷಿಣ ವೇಲ್ಸ್‌ನಲ್ಲಿ ಉಳಿದಿದ್ದ ಕೊನೆಯ ಆಳದ ಗಣಿ ಅದೊಂದೇ. ಕ್ಲೂಯ್ಡ್ ಗಣಿಯೊಳಗೆ ಇಳಿದು ಅಲ್ಲೇ ಧರಣಿ ಕೂತರು. ಒಂದೆರಡು ಗಂಟೆಯಲ್ಲ, 27 ಗಂಟೆ. ವಯಸ್ಸು 57. ಆದರೂ ಗಣಿ ಮುಚ್ಚಿತು. ಆಮೇಲೆ ನಡೆದದ್ದು ನನಗೆ ಇನ್ನೂ ಇಷ್ಟ. 239 ಕಾರ್ಮಿಕರು ತಮಗೆ ಸಿಕ್ಕ ಪರಿಹಾರದ ದುಡ್ಡಿನಲ್ಲಿ ತಲಾ 8,000 ಪೌಂಡ್ ಹಾಕಿ ಗಣಿಯನ್ನೇ ಕೊಂಡುಕೊಂಡರು! 1995ರ ಜನವರಿಯಲ್ಲಿ ಮತ್ತೆ ಶುರುವಾದ ಗಣಿ 2008ರವರೆಗೆ ನಡೆಯಿತು.

ಅದೇ 1995ರಲ್ಲಿ ಟರ್ಕಿಯ ಸೇನೆ ಉತ್ತರ ಇರಾಕಿಗೆ ನುಗ್ಗಿದಾಗ, ಅಲ್ಲಿನ ಕುರ್ದ್ ಜನಾಂಗದವರ ಪಾಡು ನೋಡಲು ಪಕ್ಷದ ಅನುಮತಿಯಿಲ್ಲದೆ ಹೋದರು. ಆಗಿನ ಪಕ್ಷದ ನಾಯಕ ಟೋನಿ ಬ್ಲೇರ್ ಕ್ಲೂಯ್ಡ್‌ರನ್ನು ಪಕ್ಷದ ವಕ್ತಾರೆ ಸ್ಥಾನದಿಂದ ತೆಗೆದುಹಾಕಿದರು. ಮುಂದೆ 2003ರಲ್ಲಿ ಇರಾಕ್ ಯುದ್ಧವನ್ನು ಕ್ಲೂಯ್ಡ್ ಬೆಂಬಲಿಸಿದರು. ಅದು ನನಗೆ ಇಂದಿಗೂ ಒಪ್ಪಿಗೆಯಿಲ್ಲ. ಆದರೆ ಸದ್ದಾಂನ ಜೈಲುಗಳಲ್ಲಿ ನರಳಿದವರ ಮಾತುಗಳನ್ನು ವರ್ಷಗಟ್ಟಲೆ ಕೂತು ಕೇಳಿದವರು ಅವರು. ಅದನ್ನು ಹೇಗೆ ತಳ್ಳಿಹಾಕಲಿ?

ಹೆಣ್ಣುಮಕ್ಕಳ ಜನನಾಂಗ ಕತ್ತರಿಸುವ ಪದ್ಧತಿಯ ವಿರುದ್ಧ 2003ರಲ್ಲಿ ಬಂದ ಬ್ರಿಟನ್ನಿನ ಕಾನೂನು ಇವರದೇ ಖಾಸಗಿ ಮಸೂದೆ. ಹುಡುಗಿಯರನ್ನು ಹೊರದೇಶಕ್ಕೆ ಕರೆದೊಯ್ದು ಅದನ್ನು ಮಾಡಿಸಿದರೂ ಅಪರಾಧವೇ. ಗರಿಷ್ಠ ಶಿಕ್ಷೆ 5 ವರ್ಷದಿಂದ 14ಕ್ಕೆ ಏರಿತು.

2012ರ ಅಕ್ಟೋಬರ್‌ನಲ್ಲಿ ಗಂಡ ಓವನ್ ರಾಬರ್ಟ್ಸ್ ವೇಲ್ಸ್‌ನ ರಾಜಧಾನಿ ಕಾರ್ಡಿಫ್‌ನ ಆಸ್ಪತ್ರೆಯಲ್ಲಿ ಸತ್ತರು. ಮಂಚದ ಕಂಬಿಗೆ ಒತ್ತಿಕೊಂಡು ಮಲಗಿದ್ದರು, ಆಮ್ಲಜನಕದ ಮುಖವಾಡ ಮುಖಕ್ಕಿಂತ ಚಿಕ್ಕದಾಗಿತ್ತು, ಗೂಡಿನ ಕೋಳಿಯ ಹಾಗೆ ಸತ್ತರು ಅಂತ ಕ್ಲೂಯ್ಡ್ ರೇಡಿಯೋದಲ್ಲಿ ಅಳುತ್ತಾ ಹೇಳಿದರು. ಅಷ್ಟು ದೊಡ್ಡ ನೋವನ್ನು ಊರೆಲ್ಲ ಕೇಳುವಂತೆ ಹೇಳುವುದು ಸುಮ್ನೆ ಮಾತಲ್ಲ, ಅಲ್ವಾ? ತಮ್ಮವರನ್ನೂ ಹೀಗೇ ಕಳೆದುಕೊಂಡವರು ದೇಶದ ಮೂಲೆಮೂಲೆಯಿಂದ ಅವರಿಗೆ ಬರೆದರು. ಇಂಗ್ಲೆಂಡಿನ ಆಸ್ಪತ್ರೆಗಳು ದೂರುಗಳನ್ನು ಹೇಗೆ ನೋಡಿಕೊಳ್ಳುತ್ತವೆ ಅನ್ನುವ ಪರಿಶೀಲನೆಯನ್ನು ಪ್ರಧಾನಿ ಕ್ಯಾಮರಾನ್, ಎದುರು ಪಕ್ಷದವರು, ಇವರಿಗೇ ಒಪ್ಪಿಸಿದರು. 2013ರಲ್ಲಿ ವರದಿ ಬಂತು.

ವೇಲ್ಸ್‌ನಲ್ಲಿ ಆಸ್ಪತ್ರೆಗಳನ್ನು ನಡೆಸುತ್ತಿದ್ದದ್ದು ಅವರದೇ ಲೇಬರ್ ಸರ್ಕಾರ. ಸಾಕ್ಷಿ ಎಲ್ಲಿ ಅಂತ ಸ್ವಂತ ಪಕ್ಷದವರೇ ಮುನಿಸಿಕೊಂಡರು. ಆಗ ಅವರಿಗೆ ಎಪ್ಪತ್ತೈದು ದಾಟಿತ್ತು. ಮಾತು ಹಿಂದೆ ತಗೊಳ್ಳಲಿಲ್ಲ.