ಮಳೆ ಪುಸ್ತಕ: 2025ರ ಲೆಕ್ಕ, 2026ರ ತಯಾರಿ

ಡಿಸೆಂಬರ್ ಬಂತೆಂದರೆ ನಮ್ಮ ಮೂಡಿಗೆರೆ ಕಡೆ ಸಂತೆಯಲ್ಲಿ ಸಿಕ್ಕರೂ, ಮದುವೆ ಮನೆಯಲ್ಲಿ ಸಿಕ್ಕರೂ ಒಂದೇ ಪ್ರಶ್ನೆ: ‘ಈ ವರ್ಷ ನಿಮ್ಮಲ್ಲಿ ಎಷ್ಟಿಂಚು?’ ಕಾಫಿ ತೋಟದ ಮನೆಗಳಲ್ಲಿ ಮಳೆ ಅಳೆದು ಬರೆದಿಡುವುದು ಹಳೆಯ ರೂಢಿ. ನಮ್ಮ ಮನೆಯಲ್ಲಿ ದೊಡ್ಡಪ್ಪ ಬರೆಯುತ್ತಿದ್ದರು. ಈಗ ಆ ಕೆಲಸ ನನ್ನದು. ಜೊತೆಗೆ ಅವರ ಹಳೆಯ ಪುಸ್ತಕಗಳನ್ನೆಲ್ಲ ಕಂಪ್ಯೂಟರಿಗೆ ಹಾಕುವ ಕೆಲಸವನ್ನೂ ಹಚ್ಚಿಕೊಂಡಿದ್ದೇನೆ. ಅದು ಎಲ್ಲಿಗೆ ಬಂತು, ಮುಂದಿನ ವರ್ಷ ಏನು ಮಾಡಬೇಕು ಅಂತ ಈ ಬರಹ.

ಮೊದಲೇ ಹೇಳಿಬಿಡುತ್ತೇನೆ. ವರ್ಷದ ಒಟ್ಟು ಇಂಚು ನೋಡಿದರೆ 2025 ಒಳ್ಳೆಯ ಮಳೆಯ ವರ್ಷ. ಆದರೆ ತೋಟದಲ್ಲಿ ಕೆಲಸ ಮಾಡಿದವರನ್ನು ಕೇಳಿದರೆ ತುಂಬಾ ಕಷ್ಟದ ವರ್ಷ. ಎರಡೂ ನಿಜ. ಒಟ್ಟು ಮೊತ್ತ ನೋಡಿದರೆ ಎರಡನೆಯದು ಕಾಣುವುದೇ ಇಲ್ಲ. ಮಳೆ ಯಾವಾಗ ಬಂತು, ನಡುವೆ ಎಷ್ಟು ದಿನ ಬಿಡುವು ಕೊಟ್ಟಿತು ಅನ್ನುವುದನ್ನು ನೋಡಿದರೆ ಮಾತ್ರ ಕಾಣುತ್ತದೆ.

ಮೇ ತಿಂಗಳ ಪುಟವನ್ನೇ ತೆಗೆದುಕೊಳ್ಳಿ. ಮುಂಗಾರು ಕೇರಳಕ್ಕೆ ಬರುವುದು ವಾಡಿಕೆಯಂತೆ ಜೂನ್ 1ಕ್ಕೆ. 2025ರಲ್ಲಿ ಮೇ 24ಕ್ಕೇ ಬಂತು. 2009ರ ನಂತರ ಇಷ್ಟು ಬೇಗ ಬಂದದ್ದು ಇದೇ ಮೊದಲು. ಅದೇ ದಿನ ಕರ್ನಾಟಕದ ಕೆಲವು ಭಾಗಕ್ಕೂ ಕಾಲಿಟ್ಟಿತು, 26ಕ್ಕೆ ಮುಂಬೈ ಮುಟ್ಟಿತು. ನಮ್ಮ ಹಿರಿಯರ ಲೆಕ್ಕದಲ್ಲಿ ಅದು ಕೃತ್ತಿಕೆ ಮುಗಿದು ರೋಹಿಣಿ ಹಿಡಿಯುವ ಹೊತ್ತು. ಜಡಿಮಳೆ ಅಂದರೆ ಮೃಗಶಿರದ ಮೇಲೆ, ಆರಿದ್ರೆಯಲ್ಲಿ ಅಂತ ಲೆಕ್ಕ ಹಾಕಿ ಕೂತವರಿಗೆ ಹದಿನೈದು ದಿನ ಮೊದಲೇ ಬಾಗಿಲು ಬಡಿದ ಹಾಗಾಯಿತು.

ಇದರಿಂದ ಏನಾಯಿತು ಅಂದರೆ, ಅಡಿಕೆಗೆ ಔಷಧಿ ಹೊಡೆಯಲು ಆಗಲಿಲ್ಲ. ಕೊಳೆರೋಗ ತಡೆಯಲು ಮೈಲುತುತ್ತ, ಸುಣ್ಣ ಒಂದೊಂದು ಕೆ.ಜಿ.ಯನ್ನು 100 ಲೀಟರ್ ನೀರಿಗೆ ಬೆರೆಸಿ ಬೋರ್ಡೋ ಮಾಡುತ್ತೇವೆ. ಮೊದಲ ಸಲ ಮುಂಗಾರು ಹಿಡಿಯುವ ಮುಂಚೆ, ಆಮೇಲೆ 40–45 ದಿನಕ್ಕೆ ಇನ್ನೊಂದು ಸಲ. ಹೊಡೆದದ್ದು ಕಾಯಿಯ ಮೇಲೆ ಒಣಗಿ ಹಿಡಿದುಕೊಳ್ಳಬೇಕು, ಅದಕ್ಕೆ ಬಿಸಿಲು ಬೇಕು. ಮೇ ಕೊನೆಯ ವಾರದಲ್ಲಿ ಅಂಥ ದಿನವೇ ಸಿಗಲಿಲ್ಲ. ಔಷಧಿ ಹೊಡೆಯುವವರು ಬಂದು, ಚಹಾ ಕುಡಿದು, ಆಕಾಶ ನೋಡಿ ವಾಪಸ್ ಹೋಗುತ್ತಿದ್ದರು. ಆಮೇಲೆ ಜೂನ್ ಮೊದಲ ಭಾಗದಲ್ಲಿ ಮುಂಗಾರಿನ ಓಟ ನಿಂತು ಮಳೆ ಕಡಿಮೆಯಾಯಿತು. ಆ ಸಣ್ಣ ಕಿಟಕಿಯಲ್ಲಿ ಊರಿನವರೆಲ್ಲ ಒಟ್ಟಿಗೆ ಔಷಧಿಗೆ ಬಿದ್ದರು. ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡರು ಎಲ್ಲರಿಗೂ ಒಂದೇ ವಾರದಲ್ಲಿ ಸಿಗುತ್ತಾರಾ? ಸಿಕ್ಕವರು ಬಚಾವ್.

ಹಾಗಾಗಿ ಈ ಸಲ ತಿಂಗಳ ಮೊತ್ತದ ಪಕ್ಕದಲ್ಲಿ ಹೊಸ ಕಾಲಂ ಹಾಕಿದೆ: ಸತತವಾಗಿ ಎಷ್ಟು ಒಣ ದಿನ ಸಿಕ್ಕವು. ಹವಾಮಾನ ಇಲಾಖೆ 2.5 ಮಿ.ಮೀ. ಅಥವಾ ಅದಕ್ಕಿಂತ ಜಾಸ್ತಿ ಬಿದ್ದರೆ ಮಾತ್ರ ಮಳೆ ದಿನ ಅಂತ ಎಣಿಸುತ್ತದೆ. ಅಂದರೆ ಸುಮಾರು ಹತ್ತು ಸೆಂಟು (ಸೆಂಟು ಅಂದರೆ ಇಂಚಿನ ನೂರನೇ ಒಂದು ಪಾಲು). ಔಷಧಿಗೆ ಆ ಲೆಕ್ಕ ಸಾಲದು, ಎರಡು ಸೆಂಟು ಜಿನುಗಿದರೂ ಕೆಲಸ ಕೆಟ್ಟಂತೆಯೇ. ಅದಕ್ಕೆ ನನ್ನ ಕಾಲಂನಲ್ಲಿ ಒಣ ದಿನ ಅಂದರೆ ಪೂರ್ತಿ ಸೊನ್ನೆ. ಹಳೆಯ ಪುಸ್ತಕಗಳಿಗೂ ಇದನ್ನೇ ಹಚ್ಚಿ ನೋಡುತ್ತಿದ್ದೇನೆ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಬಿಡುವು ಕೊಡುವುದು ಹೊಸ ವಿಷಯ ಏನಲ್ಲ, ಎಷ್ಟೋ ವರ್ಷಗಳ ಪುಟದಲ್ಲಿ ಇದೆ. ಆ ಬಿಡುವು ಯಾವ ನಕ್ಷತ್ರದಲ್ಲಿ ಜಾಸ್ತಿ ಬೀಳುತ್ತದೆ ಅನ್ನುವುದು ನನಗೆ ಬೇಕಾದ ಉತ್ತರ.

ಹಳೆಯ ಪುಸ್ತಕ ಓದುವುದು ಅಂದುಕೊಂಡಷ್ಟು ಸುಲಭ ಅಲ್ಲ. ಎಲ್ಲ ಇಂಚು, ಸೆಂಟಿನಲ್ಲಿದೆ. ಒಂದಿಂಚಿಗೆ ನೂರು ಸೆಂಟು, ಒಂದಿಂಚು ಅಂದರೆ 25.4 ಮಿ.ಮೀ. ಗುಣಿಸಿದರೆ ಮುಗಿಯಿತು ಅಲ್ವಾ? ಆದರೆ ‘1–5’ ಅಂತ ಬರೆದಿದ್ದರೆ ಅದು ಒಂದೂವರೆ ಇಂಚೋ, ಒಂದಿಂಚು ಐದು ಸೆಂಟೋ? ಪುಸ್ತಕ ಹಿಡಿದು ದೊಡ್ಡಪ್ಪನ ಹತ್ತಿರ ಹೋದೆ. ‘ಎಂತ ಮಾರಾಯ, ಒಂದೂವರೆ ಆಗಿದ್ರೆ ಒಂದು ಐವತ್ತು ಅಂತ ಬರೀತಿದ್ದೆ ನಾನು. ಅದು ಐದೇ ಸೆಂಟು’ ಅಂದರು. ಆ ಒಂದು ಮಾತಿಗೆ ಎಷ್ಟೋ ಪುಟಗಳ ಗೊಂದಲ ಬಿಡಿಸಿಕೊಂಡಿತು.

ತಾರೀಖಿನ ವಿಷಯ ಇನ್ನೂ ಸೂಕ್ಷ್ಮ. ಇಲಾಖೆಯವರು ಬೆಳಿಗ್ಗೆ 8:30ಕ್ಕೆ ಅಳೆದು, ಹಿಂದಿನ 24 ಗಂಟೆಯ ಮಳೆಯನ್ನು ಅಳೆದ ದಿನದ ತಾರೀಖಿಗೇ ಹಾಕುತ್ತಾರೆ. ದೊಡ್ಡಪ್ಪ ಅದನ್ನು ನಿನ್ನೆಯ ಸಾಲಿಗೆ ಬರೆಯುತ್ತಿದ್ದರು. ನಿನ್ನೆ ಬಿದ್ದ ಮಳೆ ನಿನ್ನೆಯದೇ ತಾನೇ ಅನ್ನುವುದು ಅವರ ವಾದ, ಅದೂ ಸರಿಯೇ. 2019ರ ಆಗಸ್ಟ್‌ನಲ್ಲಿ ನಮ್ಮ ತಾಲೂಕಿನಲ್ಲಿ ಗುಡ್ಡ ಕುಸಿದ ದಿನಗಳ ಸಾಲುಗಳನ್ನು ಸರ್ಕಾರದ ಅಂಕಿ ಜೊತೆ ಇಟ್ಟು ನೋಡಿದಾಗ ಎಲ್ಲವೂ ಸರಿಯಾಗಿ ಒಂದು ದಿನ ಹಿಂದಿತ್ತು. ಈಗ ಕಂಪ್ಯೂಟರಿನಲ್ಲಿ ಎರಡು ತಾರೀಖು ಇಟ್ಟಿದ್ದೇನೆ, ಪುಸ್ತಕದ್ದು ಒಂದು, ಇಲಾಖೆಯದ್ದು ಒಂದು. ಮೂಲ ಬರಹವನ್ನು ತಿದ್ದುವುದಿಲ್ಲ.

ಇಷ್ಟೆಲ್ಲ ಮಾಡುವಾಗ ಮನಸ್ಸಿಗೆ ತಟ್ಟಿದ್ದು 2023ರ ಆಗಸ್ಟ್ ಪುಟ. 1901ರಿಂದ ಇಟ್ಟ ದಾಖಲೆಯಲ್ಲಿ ದೇಶಕ್ಕೇ ಅಷ್ಟು ಒಣ ಆಗಸ್ಟ್ ಇರಲಿಲ್ಲ. ಆ ವರ್ಷ ರಾಜ್ಯದ 236 ತಾಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಘೋಷಿಸಿದರು. ‘ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆಮಗ ಉಂಡಷ್ಟೂ ಒಳ್ಳೇದು’ ಅನ್ನುತ್ತಾರೆ. ಆ ಮಘೆಯ ಸಾಲುಗಳಲ್ಲಿ ಒಂದರ ಕೆಳಗೊಂದು ಸಣ್ಣ ಗೀಟು. ಮಳೆ ಬರದ ದಿನವೂ ಮಾಪಕದ ಹತ್ತಿರ ಹೋಗಿ ನೋಡಿ ಗೀಟು ಎಳೆದಿದ್ದೇವಲ್ಲ, ಅದರ ಬೆಲೆ ಈಗ ಗೊತ್ತಾಗುತ್ತದೆ. ಖಾಲಿ ಬಿಟ್ಟಿದ್ದರೆ ಮಳೆ ಇರಲಿಲ್ಲವೋ, ಅಳೆದಿರಲಿಲ್ಲವೋ ಹೇಳಲು ಆಗುತ್ತಿರಲಿಲ್ಲ.

ಈಗ ಮಾಪಕದ ಕೆಲಸ. ನಮ್ಮದು ಹಳೆಯ ಸೈಮನ್ಸ್ ಮಾದರಿ. ಮೇಲೆ ಐದಿಂಚು ಅಗಲದ ಆಲಿಕೆ, ಒಳಗೆ ಬಾಟಲಿ, ಸುತ್ತ ಡಬ್ಬಿ. ಬೆಳಿಗ್ಗೆ ಆಲಿಕೆ ಎತ್ತಿದರೆ ಅದರ ಕತ್ತಿನಲ್ಲಿ ಸಿಲ್ವರ್ ಓಕ್ ಎಲೆಯ ಚೂರು, ಒಂದೆರಡು ಇರುವೆ. ಅದನ್ನು ತೆಗೆದು ಬಾಟಲಿ ನೀರನ್ನು ಅಳತೆ ಗ್ಲಾಸಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು, ನೀರಿನ ತಗ್ಗಿದ ನಡುಭಾಗ ಯಾವ ಗೆರೆಯಲ್ಲಿದೆ ನೋಡಬೇಕು. ಅಂಚು ನೋಡಿದರೆ ಜಾಸ್ತಿ ತೋರಿಸುತ್ತದೆ. ಜುಲೈಯ ದೊಡ್ಡ ಮಳೆಗೆ ಬಾಟಲಿ ತುಂಬಿ ಡಬ್ಬಿಗೂ ಚೆಲ್ಲಿರುತ್ತದೆ, ಅದನ್ನೂ ಸೇರಿಸಬೇಕು. ಇಲಾಖೆ ಲೆಕ್ಕದಲ್ಲಿ 64.5 ಮಿ.ಮೀ. ದಾಟಿದರೆ ಭಾರೀ ಮಳೆ, 115.6ರಿಂದ ಅತಿ ಭಾರೀ. ಇಂಚಿನಲ್ಲಿ ಹೇಳಿದರೆ ಎರಡೂವರೆ ಮತ್ತು ನಾಲ್ಕೂವರೆ. ಎರಡೂವರೆ ಇಂಚಿಗೆ ನಮ್ಮ ಕಡೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ಗ್ಲಾಸಿಗೆ ಒಂದು ಜೋಡಿ ತರಿಸಬೇಕು. ಅದರ ಗೆರೆ ಆಯಾ ಆಲಿಕೆಯ ಬಾಯಿಗೆ ತಕ್ಕಂತೆ ಹಾಕಿರುತ್ತಾರೆ, ಯಾವುದೋ ಗ್ಲಾಸ್ ತಂದರೆ ಲೆಕ್ಕ ತಪ್ಪುತ್ತದೆ. ನಡು ಮಳೆಗಾಲದಲ್ಲಿ ಒಡೆದರೆ ಅಂತ ಪುಸ್ತಕದ ಒಳರಟ್ಟಿನಲ್ಲಿ ಬರೆದಿಟ್ಟಿದ್ದೇನೆ: ಐದಿಂಚಿನ ಬಾಯಿಗೆ 1 ಮಿ.ಮೀ. ಮಳೆ ಅಂದರೆ ಸುಮಾರು 12.7 ಮಿ.ಲೀ. ನೀರು. ಔಷಧಿ ಅಳೆಯುವ ಸಿರಿಂಜಿನಲ್ಲೂ ನಡೆಸಿಕೊಳ್ಳಬಹುದು.

ಪಕ್ಕದ ಸಿಲ್ವರ್ ಓಕ್ ಎತ್ತರವಾಗಿದೆ. ಮರದಿಂದ ಕನಿಷ್ಠ ಅದರ ಎತ್ತರದ ಎರಡರಷ್ಟು ದೂರ ಮಾಪಕ ಇರಬೇಕು, ಇಲ್ಲವಾದರೆ ಗಾಳಿ ಮಳೆಯಲ್ಲಿ ಮರ ಮಳೆಯನ್ನು ತಡೆಯುತ್ತದೆ. ಮಾಪಕ ಸರಿಸಿದರೆ ಇಷ್ಟು ವರ್ಷದ ಸರಣಿ ಕಡಿಯುತ್ತದೆ. ಅದಕ್ಕೆ ನೆರಳು ಮರಗಳ ಕೊಂಬೆ ಕಡಿಯುವ ಮರಗಸಿಯವರು ಬಂದಾಗ ಆ ಮರವನ್ನೇ ತೆಗೆಸುತ್ತೇವೆ. ಮನೆಯಲ್ಲಿ ಎಲ್ಲರೂ ಒಪ್ಪಿದ್ದಾರೆ.

ಇನ್ನೊಂದು ಮಾಪಕ ಕೆಳಗಿನ ಅಡಿಕೆ ತೋಟಕ್ಕೆ. ಗುಡ್ಡದ ಮೇಲೆ ಬಿದ್ದಷ್ಟು ಕೆಳಗೆ ಬೀಳುವುದಿಲ್ಲ ಅಂತ ಎಲ್ಲರೂ ಹೇಳುತ್ತಾರೆ, ಅಳೆದವರಿಲ್ಲ. ಪಂಚಾಯಿತಿ ಮಟ್ಟದಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ತಾನಾಗಿ ಅಳೆಯುವ ಮಾಪಕಗಳಿವೆ, 15 ನಿಮಿಷಕ್ಕೊಮ್ಮೆ ಅಂಕಿ ಕಳಿಸುತ್ತವೆ. ಮೂರನ್ನೂ ಪಕ್ಕಪಕ್ಕ ಇಟ್ಟು ನೋಡುವ ಆಸೆ. ಮಳೆ ಹಗಲು ಬಂತೋ ರಾತ್ರಿ ಬಂತೋ ಅನ್ನುವುದಕ್ಕೆ ಅದೇ ಆಧಾರ, ನನ್ನ ಬಾಟಲಿ ಅದನ್ನು ಹೇಳುವುದಿಲ್ಲ. ರಾತ್ರಿ ಎರಡು ಇಂಚು ಸುರಿದು ಹಗಲು ಬಿಸಿಲು ಬಿದ್ದರೆ ತೋಟದ ಕೆಲಸ ನಡೆಯುತ್ತದೆ, ದಿನವಿಡೀ ಅರ್ಧ ಇಂಚು ಜಿನುಗಿದರೆ ನಡೆಯುವುದಿಲ್ಲ.

2026ರ ಪುಸ್ತಕಕ್ಕೆ ಗೆರೆ ಎಳೆದು ಮುಗಿಸಿದ್ದೇನೆ. ತಾರೀಖು, ನಕ್ಷತ್ರ, ಮೇಲಿನ ಮಾಪಕ, ಕೆಳಗಿನ ಮಾಪಕ, ಒಣ ದಿನದ ಎಣಿಕೆ, ಕೊನೆಗೆ ಆ ದಿನದ ತೋಟದ ಕೆಲಸಕ್ಕೆ ಅಗಲದ ಜಾಗ. ಫೆಬ್ರುವರಿ ದಾಟಿದರೆ ಹೂಮಳೆಗೆ ಕಾಯುವ ಸಮಯ. ಒಂದಿಂಚು ಒಟ್ಟಿಗೆ ಸಿಕ್ಕರೆ ವಾರ ಹತ್ತು ದಿನದಲ್ಲಿ ಕಾಫಿ ಚೆನ್ನಾಗಿ ಅರಳುತ್ತದೆ. ಹತ್ತು ಹದಿನೈದು ಸೆಂಟು ಬಂದು ಕೈಕೊಟ್ಟರೆ ರೊಬಸ್ಟಾಕ್ಕೆ ಸ್ಪ್ರಿಂಕ್ಲರ್ ಹಾಕಲೇಬೇಕು. ಆ ತೀರ್ಮಾನ ಬೆಳಿಗ್ಗೆ ಎಂಟೂವರೆಯ ಗ್ಲಾಸ್ ನೋಡಿಯೇ ಆಗುವುದು. ಬೋರ್ಡೋ ಸಾಮಾನು ಏಪ್ರಿಲ್‌ನಲ್ಲೇ ತಂದಿಡುತ್ತೇವೆ. ಕೊನೆಗೌಡರಿಗೆ ಮೇ ಮಧ್ಯದ ದಿನವನ್ನು ಈಗಲೇ ಹೇಳಿ ಒಪ್ಪಿಸಿಯಾಗಿದೆ.